ಕೋವಿ ಇದೆ ಎಂದು ಹೇಳಲು ಸರ್ಕಾರವೇ ಬರಬೇಕೇ?

ಕೊಡಗಿನ ಮಾದಾಪುರ, ಜಂಬೂರು, ಗರ್ವಾಲೆ, ಹಟ್ಟಿಹೊಳೆ, ಸೂರ್ಲಬ್ಬಿ ಕಡೆಗಳಲ್ಲಿ ಹೋಂಸ್ಟೇ ನಡೆಸುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಚೆಗಷ್ಟೇ ಮನೆಯ ಎರಡು ಕೋಣೆಗೆ ಸುಣ್ಣ ಬಳಿದು ಬಾಗಿಲು ತೆರೆದಿರುವ ತಮ್ಮ-ತಂಗಿಯರೇ,



ನಮ್ಮ ನಡುವೆ ಒಂದು ಮಾತು ಎದ್ದಿದೆ, ಇನ್ನೂ ಇತ್ಯರ್ಥವಾಗಿಲ್ಲ. ಹೋಟೆಲು, ರೆಸಾರ್ಟು, ಹೋಂಸ್ಟೇ ಯಾವುದೇ ಇರಲಿ, ಮನೆಯಲ್ಲಿ ಕೋವಿ ಇದೆಯೇ, ಅತಿಥಿ ತನ್ನ ಕೋವಿ ತರಬಹುದೇ, ತಂದರೆ ಎಲ್ಲಿಡಬೇಕು ಎಂಬುದನ್ನು ಬುಕಿಂಗ್ ಮಾಡುವಾಗಲೇ ತಿಳಿಸಬೇಕೆಂದು ಸರ್ಕಾರ ನಿಯಮ ಮಾಡಲಿ ಎನ್ನುವವರು ಕೆಲವರು. ‘ಸರ್ಕಾರಕ್ಕೆ ಖರ್ಚು, ನಮಗೆ ಕಿರಿಕಿರಿ, ಯಾರಿಗೂ ಲಾಭವಿಲ್ಲ’ ಎನ್ನುವವರು ಹಲವರು. ನಾನೂ ಹೋಂಸ್ಟೇ ನಡೆಸುವವಳು. ನಮ್ಮ ಮನೆಯಲ್ಲೂ ಮಾವನವರ ಕಾಲದ ಜೋಡಿ ನಳಿಗೆಯ ತೋಟೆ ಕೋವಿ ಇದೆ. ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಅರ್ಧರ್ಧ ಸಿಟ್ಟು ತರಿಸುವಂಥದ್ದು. ಅದಕ್ಕೇ ಸಭೆಯಲ್ಲಿ ಗಂಟಲು ಹರಿದುಕೊಳ್ಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಮೊದಲು ಖರ್ಚಿನ ಮಾತು. ‘ಸಾರ್ವಜನಿಕರಿಗೆ ಹೊರೆ’ ಎಂದು ನಾವು ಕೂಗುವಾಗ ಯಾರ ಹೊರೆಯನ್ನು ಲೆಕ್ಕ ಹಾಕುತ್ತಿದ್ದೇವೆ? ಬೆಂಗಳೂರಿನ ಒಂದು ಸಂಸಾರ ‘ಮನೆಯಲ್ಲಿ ಗನ್ ಇದೆ’ ಎಂದು ಓದಿ ಹೆದರಿ ಬುಕಿಂಗ್ ರದ್ದು ಮಾಡಿದರೆ ಆ ನಷ್ಟ ನನ್ನದು, ನಿಮ್ಮದು. ಅದಕ್ಕೆ ಸಾರ್ವಜನಿಕ ಎಂಬ ಹೆಸರಿಡುವುದು ಸರಿಯಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳೇ ಜಾರಿದಾಗ ಜಿಲ್ಲಾಡಳಿತ ಪ್ರವಾಸಿಗರು ಬರಕೂಡದೆಂದು ನಿರ್ಬಂಧ ಹಾಕಿತು, ವಾರಗಟ್ಟಲೆ ನಮ್ಮ ಕೋಣೆಗಳು ಖಾಲಿ ಬಿದ್ದವು. ಆಗಲೂ ನಷ್ಟ ನಮ್ಮದೇ ಆಗಿತ್ತು. ಆದರೆ ಆ ನಿರ್ಬಂಧ ತಪ್ಪೆಂದು ನಮ್ಮಲ್ಲಿ ತಿಳಿವಳಿಕೆ ಇದ್ದವರು ಯಾರೂ ಹೇಳಲಿಲ್ಲ. ಆದ್ದರಿಂದ ನಮ್ಮ ಜೇಬಿನ ನಷ್ಟವನ್ನು ಒಂದು ಬದಿಗಿಟ್ಟು ಮುಂದೆ ಹೋಗೋಣ. ಸಾರ್ವಜನಿಕ ಖರ್ಚೆಂದರೆ ಈ ವ್ಯವಹಾರದಲ್ಲಿ ಒಂದು ರೂಪಾಯಿ ಗಳಿಸದವರು ತೆರುವ ಖರ್ಚು: ಪೇದೆಯ ಹೊತ್ತು, ಕಚೇರಿಯ ಕಡತ, ಪಕ್ಕದ ಮನೆಯವರ ನೆಮ್ಮದಿ.

ಇಂಥ ನಿಯಮ ಬೇರೆ ಕಡೆ ಇದೆಯಲ್ಲ ಎಂದು ವಾದಿಸಿದವರಿಗೆ ಒಂದು ಮಾತು. ಇದೆ, ನಿಜ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2013ರಲ್ಲೇ ಕಾನೂನು ಬಂತು. ಬಂದೂಕಿನ ವಿಷಯದಲ್ಲಿ ತನ್ನ ನಿಲುವೇನು ಎಂಬುದನ್ನು ಹೋಟೆಲು ತನ್ನ ಬುಕಿಂಗ್ ಜಾಲತಾಣದಲ್ಲಿ ಹಾಕಬೇಕು, ತಪ್ಪಿದರೆ ದಂಡ ಹೆಚ್ಚೆಂದರೆ ನೂರು ಡಾಲರ್. 2021ರಲ್ಲಿ ಅದೇ ರಾಜ್ಯ ಇನ್ನೂ ಮುಂದೆ ಹೋಗಿ, ಅತಿಥಿ ತನ್ನ ಬಂದೂಕನ್ನು ಕೋಣೆಗೆ ಒಯ್ದು ಇಟ್ಟುಕೊಳ್ಳುವುದನ್ನು ಹೋಟೆಲಿನವರು ತಡೆಯುವಂತಿಲ್ಲ ಎಂದಿತು. ಅಲ್ಲಿಯ ಸರ್ಕಾರಕ್ಕೆ ಇದರಿಂದ ಹೆಚ್ಚೇನೂ ಖರ್ಚು ಬಿದ್ದಿರಲಾರದು. ಸಾಲು ಸಾಲು ಹೋಟೆಲುಗಳ ದೊಡ್ಡ ಕಂಪನಿ, ಅದಕ್ಕೊಂದು ಜಾಲತಾಣ, ಅದರಲ್ಲಿ ಒಂದು ವಾಕ್ಯ, ಅಷ್ಟೇ. ಓದುವವನು ಓದಿಕೊಂಡ. ಆದರೆ ಗಮನಿಸಿ, ಅಲ್ಲಿ ಪ್ರಶ್ನೆ ಇರುವುದು ಅತಿಥಿಯ ಬಂದೂಕಿನದು. ಅವರ ಭಯವೂ ಅತಿಥಿಯದೇ. 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಮ್ಯಾಂಡಲೇ ಬೇ ಹೋಟೆಲಿನ 32ನೇ ಮಹಡಿಯಿಂದ ಕೆಳಗಿನ ಸಂಗೀತ ಸಭೆಯ ಮೇಲೆ ಗುಂಡಿನ ಮಳೆ ಸುರಿಸಿದವನು ಅಲ್ಲಿ ಕೋಣೆ ಹಿಡಿದಿದ್ದ ಅತಿಥಿ. ಇಪ್ಪತ್ತಕ್ಕೂ ಹೆಚ್ಚು ಬಂದೂಕುಗಳನ್ನು ಚೀಲಗಳಲ್ಲಿ ತುಂಬಿ ಮೇಲೆ ಸಾಗಿಸಿದ್ದ. ಆ ಹೋಟೆಲಿನ ಒಡೆತನದ ಕಂಪನಿ ಬಳಿಕ ಸಂತ್ರಸ್ತರಿಗೆ ಪರಿಹಾರವಾಗಿ 80 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಬೇಕಾಯಿತು.

ನಮ್ಮಲ್ಲಿ ಎಲ್ಲವೂ ತಿರುವುಮುರುವು. ಇಲ್ಲಿ ಬರಿಗೈಲಿ ಬರುವವನು ಅತಿಥಿ, ಕೋವಿ ಇರುವುದು ಮನೆಯವರ ಹತ್ತಿರ. ಹೋಟೆಲು ಎನ್ನುವುದೂ ಹೋಟೆಲಲ್ಲ, ನಾವು ಹುಟ್ಟಿ ಬೆಳೆದ, ಮದುವೆಯಾಗಿ ಕಾಲಿಟ್ಟ ಮನೆ. ಅಲ್ಲಿಯ ಕಾನೂನನ್ನು ಇಲ್ಲಿಗೆ ತಂದು ನೆಟ್ಟರೆ ‘ಸಂಸ್ಥೆಯ ನೀತಿ’ ಎನ್ನುವುದು ನಮ್ಮ ಒಕ್ಕಣೆಯಲ್ಲಿ ‘ಮನೆಯವರ ಆಸ್ತಿ ವಿವರ’ ಆಗಿಬಿಡುತ್ತದೆ.

ಆ ಕೋವಿ ನಮ್ಮ ಮನೆಗಳಲ್ಲಿ ಲೈಸೆನ್ಸಿಲ್ಲದೆ ಉಳಿದು ಬಂದ ಬಗೆ ನಿಮಗೆಲ್ಲ ಗೊತ್ತಿದ್ದದ್ದೇ. ಆದರೂ ನಮ್ಮ ಹುಡುಗರು ಅದನ್ನು ಜನ್ಮಸಿದ್ಧ ಹಕ್ಕು ಎಂದು ಎದೆ ತಟ್ಟಿಕೊಂಡು ಹೇಳುವುದನ್ನು ಕೇಳುವಾಗ ಒಂದೆರಡು ಇಸವಿ ನೆನಪಿಸಬೇಕೆನ್ನಿಸುತ್ತದೆ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರ ಕೈಯಿಂದ ಆಯುಧ ಕಸಿಯುತ್ತಿದ್ದಾಗ, 1861ರ ಫೆಬ್ರವರಿಯಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಕೊಟ್ಟ. ಅದಾಗಿ ಆರೇ ವರ್ಷಕ್ಕೆ, 1867ರಲ್ಲಿ, ಅದೇ ಸರ್ಕಾರ ದಾರಿಹೋಕರ ತಂಗುಮನೆಗಳಿಗೆಂದು ಸರಾಯ್ ಕಾಯ್ದೆ ತಂದು, ತಂಗುಮನೆ ನಡೆಸುವವನು ಮ್ಯಾಜಿಸ್ಟ್ರೇಟರ ಪುಸ್ತಕದಲ್ಲಿ ಹೆಸರು ಬರೆಸಬೇಕು ಎಂದಿತು. ನಮ್ಮ ಕೋವಿ ಪುಸ್ತಕದಿಂದ ಹೊರಗೆ ಹೋಯಿತು, ಪರವೂರಿನವರಿಗೆ ಕೊಡುವ ಹಾಸಿಗೆ ಪುಸ್ತಕದ ಒಳಗೆ ಬಂತು. ಇವತ್ತು ಆ ಹಾಸಿಗೆಯೂ ಈ ಕೋವಿಯೂ ಒಂದೇ ಸೂರಿನಡಿ ಸೇರಿರುವುದೇ ನಮ್ಮ ತಕರಾರಿನ ಮೂಲ.

ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ 41ನೇ ಸೆಕ್ಷನ್ನಿನ ಅಧಿಕಾರ ಬಳಸಿ 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡಿದವರಿಗೂ ವಿನಾಯಿತಿ ಮುಂದುವರಿಸಿತು. 2019ರ ಅಕ್ಟೋಬರಿನ ಅಧಿಸೂಚನೆ ಅದಕ್ಕೊಂದು ಕೊನೆಯ ದಿನ ಬರೆದಿದೆ: 2029ರ ಅಕ್ಟೋಬರ್ 31. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು, ನಾವು ಪಟಾಕಿ ಹೊಡೆದೆವು. ಆದರೆ ಆ ತೀರ್ಪು ಏನೆಂದಿತು ಎಂಬುದನ್ನು ಪಟಾಕಿಯ ಸದ್ದಿನಲ್ಲಿ ಎಷ್ಟು ಜನ ಕೇಳಿಸಿಕೊಂಡೆವೋ. ವಿನಾಯಿತಿ ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷದ್ದು, ಷರತ್ತುಗಳಿಗೆ ಒಳಪಟ್ಟದ್ದು, ಆದ್ದರಿಂದ ಊರ್ಜಿತ ಎಂಬುದು ಅದರ ಒಂದು ಮುಖ್ಯ ಆಧಾರ. ಅಂದರೆ ಮುಂದಿನ ಸಲ ಆ ಕಡತ ದೆಹಲಿಯಲ್ಲಿ ಬಿಚ್ಚಿಕೊಳ್ಳುವಾಗ ಕೊಡಗಿನವರು ಕೋವಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ಇಲ್ಲೇ ಗುರುತು ಹಾಕಿಡಿ, ಮುಂದೆ ಬೇಕಾಗುತ್ತದೆ.

ಈಗ ನಿಯಮ ಬಂದಿತೆಂದೇ ಇಟ್ಟುಕೊಳ್ಳಿ. ಅದರ ಸಾರ್ವಜನಿಕ ಖರ್ಚುಗಳಲ್ಲಿ ಮೊದಲನೆಯದು ತಪಾಸಣೆ. ಹೇಳುವುದಕ್ಕೆ ಖರ್ಚಿಲ್ಲ. ಹೇಳಿದ್ದು ನಿಜವೇ ಎಂದು ನೋಡುವುದಕ್ಕೆ ಖರ್ಚಿದೆ. ಯಾರೂ ಬಂದು ನೋಡದ ನಿಯಮ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರು, ನೋಡಲೇಬೇಕೆಂದರೆ ಪೊಲೀಸರು ಬರಬೇಕು. ಸುಮ್ಮನೆ ಲೆಕ್ಕಕ್ಕೆ ಹೇಳುತ್ತೇನೆ: ಒಂದು ಠಾಣೆಯ ಸರಹದ್ದಿನಲ್ಲಿ ನೂರು ಹೋಂಸ್ಟೇ ಇವೆ, ವರ್ಷಕ್ಕೆ ಎರಡು ಸಲ ತಪಾಸಣೆ, ಪ್ರತಿ ಸಲ ಇಬ್ಬರು ಸಿಬ್ಬಂದಿ. ನಮ್ಮ ತೋಟದ ರಸ್ತೆಗಳಲ್ಲಿ ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಅದೇ ದೊಡ್ಡದು. ಅಲ್ಲಿಗೆ ಐವತ್ತು ದಿನ ಇಬ್ಬರು ಠಾಣೆಯಲ್ಲಿಲ್ಲ. ಮಳೆಗಾಲದ ಮೂರು ತಿಂಗಳು ಆ ಜೀಪು ಗರ್ವಾಲೆಯ ಏರಿನಲ್ಲಿ ಹೂತುಕೊಳ್ಳುವ ಖರ್ಚು ಬೇರೆ. ಆ ಐವತ್ತು ದಿನ ತೋಟದ ಕಾಫಿ ಕಳ್ಳತನ, ಹೆಂಗಸರ ದೂರು, ರಸ್ತೆಯ ಅಪಘಾತ ನೋಡುವವರು ಯಾರು? ವಿದೇಶಿ ಅತಿಥಿ ಬಂದರೆ ಫಾರಂ ತುಂಬಿ 24 ಗಂಟೆಯೊಳಗೆ ತಿಳಿಸುವ ವ್ಯವಸ್ಥೆ ಈಗಾಗಲೇ ಇದೆ, ಅದನ್ನೇ ನಮ್ಮಲ್ಲಿ ಎಷ್ಟು ಜನ ತಪ್ಪದೆ ಮಾಡುತ್ತೇವೆ ಎಂದು ಎದೆ ಮುಟ್ಟಿ ಹೇಳಿ. ಇನ್ನೊಂದು ಕಾಲಂ ಸೇರಿಸಿದರೆ ಇನ್ನೊಂದು ಸುಳ್ಳು ಬರೆಯುವ ಜಾಗ ಆಗುತ್ತದೆ.

ಎರಡನೆಯದು ಪಟ್ಟಿ. ಯಾವ ಮನೆಯಲ್ಲಿ ಕೋವಿ ಇದೆ ಎಂದು ಜಿಲ್ಲಾಧಿಕಾರಿಗಳ ಕಚೇರಿಯ ಕಡತದಲ್ಲಿರುವುದು ಒಂದು, ಅದೇ ವಿವರ ಯಾರು ಬೇಕಾದರೂ ಮೊಬೈಲಿನಲ್ಲಿ ಓದುವಂತೆ ಬುಕಿಂಗ್ ಆ್ಯಪಿನಲ್ಲಿರುವುದು ಇನ್ನೊಂದು. ತೋಟದ ನಡುವಿನ ಒಂಟಿ ಮನೆ, ಫೋಟೋ ಸಮೇತ, ದಾರಿಯ ಮ್ಯಾಪ್ ಸಮೇತ, ‘ಇಲ್ಲಿ ಕೋವಿ ಇದೆ’ ಎಂಬ ಒಕ್ಕಣೆ ಸಮೇತ. ಅದನ್ನು ಮಗುವಿರುವ ತಾಯಿಯೊಬ್ಬಳೇ ಓದುತ್ತಾಳೆಯೇ? ಕದ್ದ ಕೋವಿ ಎಲ್ಲಿಗೆ ಹೋಗಿ ಮುಟ್ಟುತ್ತದೋ, ಅದರ ಬೆಲೆ ತೆರುವವರು ನಾವಾಗಿರುವುದಿಲ್ಲ. ಆ್ಯಪಿನಲ್ಲಿ ಹಾಕಿ ಎನ್ನುವವರಿಗೆ ನನ್ನ ಕಟುವಾದ ವಿರೋಧ ಇಲ್ಲೇ.

ಮೂರನೆಯದು ನಮ್ಮೊಳಗಿನ ಹುಳುಕು. ನಿಯಮ ತಲುಪುವುದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ ಫೀಸು ಕಟ್ಟಿದವರಿಗೆ. ಬೋರ್ಡಿಲ್ಲದೆ, ರಸೀದಿಯಿಲ್ಲದೆ ನಡೆಯುವ ಮನೆಗಳು ಎಷ್ಟಿವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮಾಲೀಕರು ಅಲ್ಲೇ ವಾಸವಿರಬೇಕು ಎಂಬುದು ಹೋಂಸ್ಟೇಯ ಮೊದಲ ಷರತ್ತು. ಆದರೂ ಮಾಲೀಕ ಬೆಂಗಳೂರಿನಲ್ಲಿ, ಬೀಗದ ಕೈ ತೋಟದ ರೈಟರನ ಹತ್ತಿರ ಎಂಬಂಥ ಮನೆಗಳು ನಮ್ಮ ಸುತ್ತಲೇ ಇವೆ. ಅಂಥ ಮನೆಯಲ್ಲಿ ಕೋವಿ ಯಾರ ವಶದಲ್ಲಿರುತ್ತದೆ? ವಿನಾಯಿತಿ ಇರುವುದು ಮಾಲೀಕನ ಹೆಸರಿಗೆ, ರೈಟರನ ಹೆಸರಿಗಲ್ಲ. ನಿಜವಾದ ಅಪಾಯ ಇರುವ ಕಡೆ ನಿಯಮ ಹೋಗುವುದಿಲ್ಲ, ಬೀರುವಿಗೆ ಬೀಗ ಹಾಕಿಟ್ಟ ಮನೆಯ ಬಾಗಿಲನ್ನೇ ಮತ್ತೆ ಮತ್ತೆ ತಟ್ಟುತ್ತದೆ. ಸರ್ಕಾರ ಅಷ್ಟು ದುಡ್ಡು ಸುರಿದು ಕೊನೆಗೆ ಕೈಗೆ ಬರುವುದು ಪ್ರಾಮಾಣಿಕರ ಒಂದು ಪಟ್ಟಿ ಮಾತ್ರ.

ಇಷ್ಟು ಹೊತ್ತು ತಲೆಯಾಡಿಸಿದವರು ಇನ್ನು ಸ್ವಲ್ಪ ಸಹಿಸಿಕೊಳ್ಳಬೇಕು. ಹೇಳದಿರುವುದಕ್ಕೂ ಬೆಲೆ ಇದೆ, ಅದನ್ನೂ ಊರೇ ತೆರುತ್ತಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ತೋಟದ ಹಿರಿಯರು ತೀರಿಕೊಂಡರು. ಪದ್ಧತಿಯಂತೆ ಬೆಳಗಿನ ಜಾವ ಅಂಗಳದಲ್ಲಿ ಎರಡು ಗುಂಡು ಹಾರಿಸಿದರು. ಸುತ್ತಲಿನ ಮನೆಯವರು ಸದ್ದು ಎಣಿಸಿ, ‘ಅಯ್ಯೋ, ಹೋದರು’ ಎಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟರು. ನಮ್ಮ ಮೇಲಿನ ಕೋಣೆಯಲ್ಲಿದ್ದ ಹುಬ್ಬಳ್ಳಿಯ ಗಂಡ-ಹೆಂಡತಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಬಾಗಿಲಿಗೆ ಮಂಚ ಅಡ್ಡ ಇಟ್ಟು 112ಕ್ಕೆ ಫೋನು ಮಾಡಿದ್ದರು. ನಾವು ಸಾವಿನ ಮನೆಯಲ್ಲಿದ್ದೆವು. ಮಳೆಯಲ್ಲಿ ಜೀಪು ಬಂತು, ಮೂವರು ಪೊಲೀಸರು ಒದ್ದೆಯಾಗಿ ಇಳಿದರು, ಮೊದಲು ನಮ್ಮ ಮನೆ, ಆಮೇಲೆ ಹೆಣ ಇಟ್ಟ ಮನೆಯ ಅಂಗಳ. ಅಲ್ಲಿದ್ದ ಒಬ್ಬ ಹಿರಿಯರು ಅವರಿಗೆ ಕಾಫಿ ತರಿಸಿಕೊಟ್ಟರು, ಯಾರೂ ಯಾರನ್ನೂ ಬೈಯಲಿಲ್ಲ. ಆದರೆ ಆ ಒಂದು ಗಂಟೆ ಹೊತ್ತು ಆ ಜೀಪು ಇನ್ನೆಲ್ಲಿಗೆ ಬೇಕಾಗಿತ್ತೋ ಯಾರಿಗೆ ಗೊತ್ತು. ಹುಬ್ಬಳ್ಳಿಯವರು ತಿಂಡಿ ತಿನ್ನದೆ ಹೊರಟರು, ಹೊರಡುವಾಗ ಆಕೆ ಅಂದ ಮಾತು: ‘ಮೊದಲ ಹೇಳಿದ್ರ ನಾವೂ ಬಂದು ಕೈ ಮುಗಿದು ಹೋಗ್ತಿದ್ವಿ ಬಿಡ್ರಿ.’

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಗುಂಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು, ಆಯುಧಗಳ ಹಬ್ಬ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ, ಮಧ್ಯಾಹ್ನ ತೆಂಗಿನಕಾಯಿಗೆ ಗುರಿ. ನಮಗೆ ಇದೆಲ್ಲ ಪಂಚಾಂಗ. ಪರವೂರಿನವರಿಗೆ ಗುಂಡು ಎಂದರೆ ಗುಂಡೇ.

ಇನ್ನು ಫೋಟೋದ ಮಾತು. ಹೇಳಲು ನಾಚಿಕೆಯಾದರೂ ಹೇಳಲೇಬೇಕು. ಅತಿಥಿಗಳಿಗೆ ಕೊಡವರ ಉಡುಪಾದ ಕುಪ್ಯ-ಚೇಲೆ ತೊಡಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಕೈಗೆ ಕೋವಿ ಕೊಟ್ಟು ರೀಲ್ಸ್ ಮಾಡಿಸುವುದು ನಮ್ಮಲ್ಲಿ ಕೆಲವರಿಗೆ ಈಗ ಪ್ಯಾಕೇಜಿನ ಒಂದು ಐಟಂ. ವಿನಾಯಿತಿ ನಮಗಿದೆಯೇ ಹೊರತು ನಮ್ಮ ಅತಿಥಿಗಿಲ್ಲ. ಹೊಂದುವ ಹಕ್ಕಿಲ್ಲದವನ ಕೈಗೆ ಆಯುಧ ಒಪ್ಪಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 29ನೇ ಸೆಕ್ಷನ್ನಿನಡಿ ಅಪರಾಧ. ಮೋಜಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಕುತ್ತು ತಂದರೆ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಖಾಲಿ ಕೋವಿ ಅಕ್ಕಾ, ಏನಾಗುತ್ತೆ’ ಎನ್ನುತ್ತೀರಿ. ಖಾಲಿ ಎಂದುಕೊಂಡ ಕೋವಿ ಸಿಡಿದ ಸುದ್ದಿಯನ್ನು, ಬೇಟೆಗೆ ಹೋದಾಗ ಜೊತೆಗಾರನಿಗೇ ಗುಂಡು ತಾಗಿದ ಸುದ್ದಿಯನ್ನು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ನಾವೇ ಓದುತ್ತಾ ಬಂದಿದ್ದೇವೆ. ಅದು ಒಂದು ಸಲ ಹೋಂಸ್ಟೇಯ ಜಗಲಿಯಲ್ಲಿ, ಒಬ್ಬ ಅತಿಥಿಯ ಮಗುವಿನ ಕೈಯಲ್ಲಿ ಆಗಲಿ, ಆಮೇಲೆ 2029ರ ಕಡತಕ್ಕೆ ಮೊದಲ ಹಾಳೆ ಅದೇ. ಆಗ ದಂಡ ಕಟ್ಟುವವರು ಆ ಮನೆಯವರಷ್ಟೇ ಅಲ್ಲ. ಹೋಂಸ್ಟೇಯ ಗಾಳಿಯೇ ಸೋಕದ, ಕಾಡುಹಂದಿಯಿಂದ ಬೆಳೆ ಕಾಯಲು ಕೇಪಿನ ಕೋವಿ ಇಟ್ಟುಕೊಂಡ ಸಣ್ಣ ಜಮ್ಮಾ ರೈತನೂ ತೆರಬೇಕು. ಅತಿ ದೊಡ್ಡ ಸಾರ್ವಜನಿಕ ಖರ್ಚು ನನ್ನ ಲೆಕ್ಕದಲ್ಲಿ ಇದು.

ಆದ್ದರಿಂದ ನನ್ನ ಮಾತು ಇಷ್ಟು. ಸರ್ಕಾರದ ನಿಯಮ ಬೇಡ, ಆದರೆ ‘ಬೇಡ’ ಎನ್ನುವ ಬಾಯಿ ನಮಗಿರಬೇಕಾದರೆ ಹೇಳುವ ಕೆಲಸ ನಾವೇ ಮೊದಲು ಮಾಡಿರಬೇಕು. ಲೈಸೆನ್ಸಿಗೆ ಅರ್ಜಿ ಹಾಕುವವನಿಂದ ಕೋವಿಯನ್ನು ಭದ್ರವಾಗಿ ಇಡುತ್ತೇನೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಮುಚ್ಚಳಿಕೆ ಬರೆಸಿಕೊಳ್ಳುತ್ತವೆ. ಲೈಸೆನ್ಸೇ ಬೇಡದ ನಾವು ಅಂಥ ಮುಚ್ಚಳಿಕೆಯನ್ನು ನಮಗೆ ನಾವೇ ಬರೆದುಕೊಂಡರೆ ಗೌರವ ಕಡಿಮೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತಿದೆ. ಜಗಲಿಯ ಗೋಡೆಯ ಮೇಲಿದ್ದ ಕೋವಿ ಕೆಳಗಿಳಿದು ನಮ್ಮ ಮಲಗುವ ಕೋಣೆಯ ಕಬ್ಬಿಣದ ಬೀರು ಸೇರಿದೆ. ಆ ಜಾಗದಲ್ಲಿ ಮಾವನವರ ಫೋಟೋ ಇದೆ, ಅವರು ಆ ಕೋವಿಯನ್ನೇ ಹಿಡಿದು ನಿಂತದ್ದು. ನೋಡಬೇಕೆನ್ನುವ ಅತಿಥಿಗೆ ಅದನ್ನು ತೋರಿಸಿ ಕಥೆ ಹೇಳುತ್ತೇವೆ, ಕಥೆ ಕೋವಿಗಿಂತ ಹೆಚ್ಚು ಹೊತ್ತು ಕೂರಿಸುತ್ತದೆ. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಎರಡು ಬೀಗದ ಕೈಗಳು ಒಂದೇ ಗೊಂಚಲಿನಲ್ಲಿಲ್ಲ. ಬುಕಿಂಗ್ ಖಚಿತವಾಗಿ ಮುಂಗಡ ಬಂದ ಮೇಲೆ, ಆ್ಯಪಿನಲ್ಲಲ್ಲ, ಅವರೊಬ್ಬರಿಗೇ ವಾಟ್ಸಾಪಿನಲ್ಲಿ ನಾಲ್ಕು ಸಾಲು ಹೋಗುತ್ತದೆ: ‘ಕೊಡಗಿನ ಬಹಳಷ್ಟು ಮನೆಗಳಂತೆ ನಮ್ಮ ಮನೆಯಲ್ಲೂ ಕೋವಿ ಇದೆ. ಬೀಗ ಹಾಕಿ ಇಟ್ಟಿದ್ದೇವೆ, ಅತಿಥಿಗಳ ಕೈಗೆ ಕೊಡುವುದಿಲ್ಲ. ಊರಲ್ಲಿ ಹುಟ್ಟು, ಸಾವು, ಹಬ್ಬಕ್ಕೆ ಗುಂಡು ಹಾರಿಸುವ ಪದ್ಧತಿಯಿದೆ, ಸದ್ದು ಕೇಳಿದರೆ ಹೆದರದೆ ನಮ್ಮನ್ನು ಕೇಳಿ. ನೀವು ಆಯುಧ ತರುವುದಾದರೆ ಮೊದಲೇ ತಿಳಿಸಿ.’ ಮುಂಗಡ ಹಿಂದಕ್ಕೆ ಬೇಕೆಂದರೆ ಮರುಮಾತಿಲ್ಲದೆ ಕೊಡುತ್ತೇವೆ. ಒಬ್ಬರು ಇಸಿದುಕೊಂಡಿದ್ದಾರೆ, ಇಲ್ಲವೆನ್ನುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ‘ಪುತ್ತರಿ ಯಾವಾಗ, ಆಗಲೇ ಬರಬಹುದಾ’ ಎಂದು ಕೇಳುತ್ತಾರೆ.

ಕೊನೆಯ ಸಾಲಿನ ಬಗ್ಗೆ ಸ್ವಲ್ಪ ವಿವರ ಬೇಕು. ಮದುವೆಯ ಕಾಲದಲ್ಲಿ ಬೆಂಗಳೂರು, ಮೈಸೂರಿನಿಂದ ಬರುವ ನಮ್ಮವರೇ ಕಾರಿನ ಡಿಕ್ಕಿಯಲ್ಲಿ ಕೋವಿ ತರುತ್ತಾರೆ, ನೆಂಟರ ಮನೆಯಲ್ಲಿ ಜಾಗವಿಲ್ಲದೆ ನಮ್ಮಲ್ಲಿ ತಂಗುತ್ತಾರೆ. ಅವರಿಗೆ ‘ಅಣ್ಣಾ, ಕೋವಿ ಎಲ್ಲಿ’ ಎಂದು ಕೇಳುವುದು ನಮಗೆ ಮುಜುಗರ. ಅದೇ ರಾತ್ರಿ ಪಕ್ಕದ ಕೋಣೆಯಲ್ಲಿ ತುಮಕೂರಿನ ಶಾಲಾ ಮೇಷ್ಟ್ರ ಸಂಸಾರ ಮಲಗಿರುತ್ತದೆ. ನೆಂಟನ ಮುಖ ನೋಡಿ ಸುಮ್ಮನಾಗುವುದು, ಅಪರಿಚಿತನಿಗೆ ಮಾತ್ರ ನಿಯಮ ಓದುವುದು ನಡೆಯುವ ಮಾತಲ್ಲ. ಕುಡಿದು ಬರುವ ರಾತ್ರಿಯಂತೂ ಕೋವಿ ನಮ್ಮ ಬೀರುವಿಗೆ ಬಂದ ಮೇಲೆಯೇ ಕೋಣೆಯ ಬೀಗದ ಕೈ ಅವರಿಗೆ.

ಇಷ್ಟು ಮಾಡಲು ಯಾವ ಇಲಾಖೆಯೂ ಬೇಕಿಲ್ಲ, ಖರ್ಚು ಒಂದು ಬೀಗದ್ದು. ಒಪ್ಪುವವರು ಮೇಲಿನ ನಾಲ್ಕು ಸಾಲನ್ನು ಹಾಗೇ ಬಳಸಿಕೊಳ್ಳಿ, ತಿದ್ದಬೇಕೆನ್ನಿಸಿದರೆ ತಿದ್ದಿ. ಒಪ್ಪದವರು ಯಾಕೆಂದು ಬರೆದು ಕಳಿಸಿ, ಉತ್ತರಿಸುತ್ತೇನೆ. ನೋಂದಣಿಯಿಲ್ಲದೆ ನಡೆಸುತ್ತಿರುವ ನೆರೆಮನೆಯವರಿಗೂ ಈ ಪತ್ರದ ಒಂದು ಪ್ರತಿ ಕೊಡಿ. ಸರ್ಕಾರದ ಸುತ್ತೋಲೆ ಅವರ ಬಾಗಿಲಿಗೆ ಹೋಗುವುದಿಲ್ಲ, ನೀವಾದರೆ ದಿನಾ ಹೋಗುತ್ತೀರಿ.

ಇತಿ,
ನಿಮ್ಮಲ್ಲೊಬ್ಬಳು,
ಮಾದಾಪುರ